ದಮಯಂತಿಯ ಗಾಡಿಗೆ ಕಸ ಸಿಗಲಿಲ್ಲ

ತುರಿಯುವ ಮಣೆಯ ಮೇಲೆ ಕೂತು ಅರ್ಧ ಕಾಯಿ ಹೆರೆಯುವಷ್ಟರಲ್ಲಿ ದಮಯಂತಿ ಎಷ್ಟೋ ಸಲ ಬ್ರೇಕ್ ಹಾಕಿದ್ದಳು. ಕೈ ಕಾಯಿಯ ಮೇಲಿದ್ದರೂ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಗಂಡ ಮಾದೇವ ನೋಡಿ ನೋಡಿ ಹೇಳಿದ, "ಅಷ್ಟು ಒತ್ತಬೇಡ ಮಾರಾಯ್ತಿ, ಅಡುಗೆಮನೆ ಎಲ್ಲಾದ್ರೂ ಹೊರಟು ಹೋದೀತು."

ದಮಯಂತಿಗೆ ನಗು ಬರಲಿಲ್ಲ. ಅವತ್ತು ಅವಳ ಪರೀಕ್ಷೆ. ಮಂಜಗುಣಿಯ ಆಚೆಗಿನ ಅವರ ಪಂಚಾಯ್ತಿಗೆ ಹೊಸ ಕಸದ ಗಾಡಿ ಬಂದಿತ್ತು. ಅದನ್ನು ಹೆಂಗಸರೇ ಓಡಿಸಬೇಕೆಂಬುದು ಯೋಜನೆಯ ಕಟ್ಟಳೆ. ಮಹಿಳಾ ಸಂಘದಲ್ಲಿ ಸ್ಕೂಟರ್ ಕಂಡರೆ ಹೆದರದವಳು ಅವಳೊಬ್ಬಳೇ ಆದ್ದರಿಂದ ಕಾರವಾರಕ್ಕೆ ಹೋಗಿ ತರಬೇತಿ ಪಡೆದು, ಲೈಸೆನ್ಸೂ ತಂದಿದ್ದಳು. ಮಾದೇವನ ಮರಳು ದೋಣಿಯ ಕೆಲಸ ನಿಂತು ಎಷ್ಟೋ ಕಾಲವಾಗಿತ್ತು; ಈಗ ಯಾರಾದರೂ ಗದ್ದೆಗೆ ಕರೆದರೆ ಕೂಲಿ, ಇಲ್ಲದಿದ್ದರೆ ಚಾ. ಮನೆಗೆ ಒಂದು ಸಂಬಳ ಬೇಕೇ ಬೇಕಿತ್ತು.

ಬೇರೆ ಒಂದು ಕಾರಣವೂ ಇತ್ತು. ಸ್ಟಿಯರಿಂಗ್ ಹಿಡಿದು ಕೂತರೆ ಅವಳು ಯಾರ ಸೊಸೆಯೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಮುಂದಿನ ದಾರಿಯನ್ನು ಗಾಜಿನಲ್ಲಿ, ಬಿಟ್ಟು ಬಂದ ದಾರಿಯನ್ನು ಕನ್ನಡಿಯಲ್ಲಿ ನೋಡುವ ಒಬ್ಬ ಹೆಂಗಸು, ಅಷ್ಟೇ. ಈ ಸುಖವನ್ನು ಅವಳು ಮಾದೇವನಿಗೂ ಹೇಳಿರಲಿಲ್ಲ.

ಪಂಚಾಯ್ತಿ ಅಧಿಕಾರಿ ದೇವಾನಂದ ಕೀಲಿಕೈ ಕೊಡುತ್ತ ಹೇಳಿದರು, "ನೋಡಿ ದಮಯಂತಿಯವ್ರೆ, ಇವತ್ತು ನಿಮ್ಮದೇ ಕೇರಿ. ಕಸ ತುಂಬಿಸ್ಕೊಂಡು ಬಂದ್ರೆ ಕೆಲಸ ನಿಮ್ದು. ಕಸ ಇಲ್ದೆ ಬಂದ್ರೆ ಮೇಲಿನವರಿಗೆ ನಾ ಎಂತ ಹೇಳೂದು?"

"ಕಸಕ್ಕೆ ಎಂತ ಬರಗಾಲ ಸರ್?" ಎಂದು ನಕ್ಕಳು ಸಂಘದ ಅಧ್ಯಕ್ಷೆ ಕಲಾವತಿ. ಕಸ ಇಸಿದುಕೊಳ್ಳಲು ಅವಳೂ ಗಾಡಿ ಹತ್ತಿದಳು.

ಮೊದಲನೆಯದು ಮಾದೇವನ ಸೋದರತ್ತೆ ಬೀರಿಯ ಮನೆ. ಗಾಡಿಯ ಹಾಡು ಕೇಳಿ ಬೀರಿ ಹೊರಗೆ ಬಂದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ, ಕುಂಕುಮದ ಭರಣಿ.

"ಇಳಿಯೇ, ಉಡಿ ತುಂಬ್ತೆ," ಎಂದಳು.

"ಅತ್ತೆ, ಕಸ ತಕಂಡು ಬನ್ನಿ."

"ಕಸವಾ? ಮನೆ ಸೊಸೆ ಮೊದಲ್ನೇ ಸಲ ಗಾಡಿ ತಕಂಡು ಬಾಗ್ಲಿಗೆ ಬಂದಾಗ ಕೈಗೆ ಕಸ ಕೊಡೂದಾ? ನಾನೆಂತ ಅಷ್ಟು ಕೆಟ್ಟವಳೇನೇ?"

"ಹಂಗಾದ್ರೆ ನಿಮ್ಮನೇಲಿ ಕಸ ಇಲ್ವಾ?"

"ಇತ್ತು. ನೀ ಬರ್ತೆ ಅಂತ ಬೆಳಿಗ್ಗೇನೇ ಎಲ್ಲಾ ಬಳಿದು ಹಿಂದಿನ ಹಳ್ಳಕ್ಕೆ ಒಗೆದು ಬಂದೆ."

ದಮಯಂತಿ ಕಲಾವತಿಯ ಮುಖ ನೋಡಿದಳು. ಕಲಾವತಿ, "ಉಡಿ ಬೇಡ ಅನ್ನೂಕಾಗೂದಿಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಸಂಘದವರಿಗೆಲ್ಲ ಕಸ ಬೇರ್ಪಡಿಸುವುದನ್ನು ಕಲಿಸಿದಂತೆಯೇ ತೆಂಗಿನಕಾಯಿಯನ್ನು ಹಸಿ ಕಸದ ಡಬ್ಬಿಗೂ ರವಿಕೆ ಕಣವನ್ನು ಒಣ ಕಸದ ಡಬ್ಬಿಗೂ ಹಾಕಿದಳು.

ಸುದ್ದಿ ಗಾಡಿಗಿಂತ ಮುಂದೆ ಓಡಿತು. ಬೀರಿ ಉಡಿ ತುಂಬಿದ ಮೇಲೆ ಉಳಿದವರು ಕಸ ಕೊಟ್ಟು ಹೆಸರು ಕೆಡಿಸಿಕೊಳ್ಳುತ್ತಾರೆಯೆ? ಎರಡನೇ ಮನೆಯಲ್ಲಿ ಬಾಳೆಗೊನೆ, ಅದರಾಚೆ ಮೊಗೆಕಾಯಿ, ಮತ್ತೊಂದರಲ್ಲಿ ಡಜನ್ ಹಸಿರು ಬಳೆ. ಒಬ್ಬರು ಬಾನೆಟ್ಟಿಗೆ ಅಬ್ಬಲಿಗೆ ಮಾಲೆ ಹಾಕಿದರು. ಗಾಡಿ ಮದುವೆ ದಿಬ್ಬಣದಲ್ಲಿ ದಾರಿ ತಪ್ಪಿದ ಮದುಮಗಳ ಹಾಗೆ ಕಾಣತೊಡಗಿತು.

ನಿವೃತ್ತ ಬಸ್ ಕಂಡಕ್ಟರ್ ಜಟ್ಟು ತನ್ನ ಗೇಟಿನಲ್ಲಿ "ಹೋಲ್ಡಾನ್" ಎಂದು ಕೈ ಎತ್ತಿ ನಿಲ್ಲಿಸಿದ.

"ಜಟ್ಟಣ್ಣ, ನೀನಾದ್ರೂ ಒಂದು ಪ್ಲಾಸ್ಟಿಕ್ ಚೀಲ ಕೊಡು. ಹರಿದದ್ದಾದ್ರೂ ಅಡ್ಡಿಲ್ಲ," ಎಂದಳು ದಮಯಂತಿ. ಅವಳ ದನಿ ಭಿಕ್ಷೆ ಬೇಡುವಂತಾಗಿತ್ತು.

"ಹರಿದ ಚೀಲ ಕೊಡೂಕೆ ನಂಗೆಂತ ಪೆನ್ಶನ್ ಬರೂದಿಲ್ವಾ?" ಜಟ್ಟು ಒಳಗೆ ಹೋಗಿ ಸೀರೆ ಅಂಗಡಿಯ ಹೊಚ್ಚಹೊಸ ಚೀಲ ತಂದ. ಒಳಗೆ ಒಣ ಸಿಗಡಿ. "ಮಾದೇವನಿಗೆ ಚಟ್ನಿ ಮಾಡಿ ಹಾಕು. ರೈಟ್, ರೈಟ್."

ಕೊನೆಗೆ ಬಸ್ ನಿಲ್ದಾಣದ ಹಿಂದೆ ಬಾಟಲಿ, ಚಿಪ್ಸ್ ಪೊಟ್ಟಣಗಳ ಒಂದು ಗುಪ್ಪೆ ಕಂಡಿತು. ಕಡಲಲ್ಲಿ ಬಂಗಡೆಯ ಹಿಂಡು ಕಂಡವನ ಹಾಗೆ ದಮಯಂತಿ ಗಾಡಿ ನಿಲ್ಲಿಸಿ ಇಳಿದು ಬಗ್ಗಿದಳು. ಅಷ್ಟರಲ್ಲಿ ಬೆನ್ನ ಹಿಂದೆಯೇ ಬಂದಿದ್ದ ಬೀರಿ, "ನಮ್ಮ ಸೊಸೆ ಹಾದಿ ಮೇಲೆ ಕಸ ಹೆಕ್ಕೂದಾ? ನಾವೆಲ್ಲ ಸತ್ತು ಹೋದ್ವಾ?" ಎಂದು ಕೂಗಿದಳು. ನಾಲ್ಕಾರು ಹೆಂಗಸರು ಓಡಿ ಬಂದು, ಅವಳ ಕೈ ತಾಗುವ ಮೊದಲೇ ಗುಪ್ಪೆಯನ್ನೆಲ್ಲ ಬಾಚಿ ಹಳ್ಳಕ್ಕೆ ಒಗೆದರು. ಪ್ರೀತಿಯಿಂದಲೇ ಒಗೆದರು.

ಪಂಚಾಯ್ತಿ ಅಂಗಳದಲ್ಲಿ ದೇವಾನಂದ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಇನ್ನೊಂದನ್ನೂ ತೆಗೆದರು. ಒಂದು ಬಾಳೆಹಣ್ಣನ್ನು ಎತ್ತಿ ಮೂಸಿ, ವಾಪಸ್ ಇಟ್ಟರು.

"ಕಸ?"

"ಯಾರೂ ಕೊಡ್ಲಿಲ್ಲ ಸರ್," ಎಂದಳು ದಮಯಂತಿ.

"ಕೇರಿಯಲ್ಲಿ ಎಲ್ಲಾದ್ರೂ ಬಿದ್ದದ್ದು?"

"ಒಂದು ಕಡ್ಡೀನೂ ಇಲ್ಲ ಸರ್," ಎಂದಳು ಕಲಾವತಿ ಹೆಮ್ಮೆಯಿಂದ.

ದೇವಾನಂದ ಫೋನ್ ಹಿಡಿದು ಅಂಗಳದ ತುದಿಗೆ ಹೋದರು. ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದಾಗ ಮುಖ ಅರಳಿತ್ತು.

"ಜಿಲ್ಲೆಯಲ್ಲೇ ಇಂಥ ಕೇರಿ ಇಲ್ವಂತೆ. ಕಸಮುಕ್ತ ಗ್ರಾಮ ಪ್ರಶಸ್ತಿಗೆ ನಮ್ಮ ಹೆಸರು ಹೋಯ್ತು. ಸೋಮವಾರ ಸಮಿತಿ ಬರ್ತದೆ. ನಿಮಗೂ ಒಂದು ಶಾಲು ಉಂಟು."

"ಮತ್ತೆ ನನ್ನ ಕೆಲಸ, ಸರ್?"

"ಕಸವೇ ಇಲ್ಲದ ಊರಿಗೆ ಕಸದ ಗಾಡಿ ಎಂತಕ್ಕೆ, ದಮಯಂತಿಯವ್ರೆ? ಸಮಿತಿ ನೋಡಿ ಹೋದ ಮೇಲೆ ಕಾರವಾರದ ಕಡೆಯ ಪಂಚಾಯ್ತಿಗೆ ಕೊಡೂದು. ಅವರ ಹತ್ರ ಡ್ರೈವರ್ ಇದ್ದಾಳೆ." ಅವರು ಮೆಲ್ಲಗೆ ಕೈ ಚಾಚಿದರು. ದಮಯಂತಿ ಕೀಲಿಕೈ ಕೊಟ್ಟಳು.

ಸಂಜೆ ಅವಳ ಜಗುಲಿಯಲ್ಲಿ ಕೇರಿಯೇ ನೆರೆದಿತ್ತು. "ನಮ್ಮ ಸೊಸೆಯಿಂದ ಊರಿಗೇ ಪ್ರಶಸ್ತಿ ಬಂತು," ಎಂದು ಬೀರಿ ಹೇಳಿದ್ದನ್ನೇ ಹೇಳಿದಳು. ಜಟ್ಟು ಶಾಲಿನ ಬಣ್ಣ ಯಾವುದಿರಬೇಕೆಂದು ಸಲಹೆ ಕೊಟ್ಟ. ಮಾದೇವ ಅವಳದೇ ಬಾಳೆಹಣ್ಣುಗಳನ್ನು ಎಲ್ಲರಿಗೂ ಹಂಚಿದ.

ಎಲ್ಲರೂ ಎದ್ದು ಹೋದ ಮೇಲೆ ದಮಯಂತಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಳು. ಬೇಲಿಯಾಚೆ ಬೀರಿ ಬಾಳೆಹಣ್ಣಿನ ಸಿಪ್ಪೆ ತುಂಬಿದ ಚೀಲವನ್ನು ಬೀಸಿ ಹಳ್ಳಕ್ಕೆ ಒಗೆಯುವುದು ಕಂಡಿತು. ಆಮೇಲೆ ಜಟ್ಟು ಒಗೆದ. ಅವನಾಚೆ ಇನ್ನೊಬ್ಬರು. ಕಡಲಿನ ಇಳಿತಕ್ಕೆ ಹಳ್ಳದ ನೀರು ಇಳಿಯುತ್ತಿತ್ತು. ಬೆಳಿಗ್ಗೆಯ ಚೀಲಗಳು ಕೆಸರಿನಲ್ಲಿ ಸಾಲಾಗಿ ಕೂತಿದ್ದವು, ಒಂದೊಂದೂ ತನ್ನ ತನ್ನ ಮನೆಯ ನೇರಕ್ಕೆ.

ದಮಯಂತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಭಾನುವಾರ ನೀರು ಇಳಿದಾಗ ಮೀನಿನ ಬುಟ್ಟಿ ಹೊತ್ತು ಆ ಕೆಸರಿಗೆ ಇಳಿಯಬೇಕು. ಸೋಮವಾರ ಸಮಿತಿಯ ಜೀಪು ಬರುವ ಮುಂಚೆ ಯಾರ ಮನೆಯ ಚೀಲವನ್ನು ಅವರವರ ಬಾಗಿಲ ಮುಂದೆಯೇ ಇಟ್ಟು ಬರಬೇಕು. ಅತ್ತೆಯದನ್ನು ಮೊದಲು.

"ಅಷ್ಟು ಹೊತ್ತಿಂದ ಎಂತ ನೋಡ್ತೀಯೆ?" ಒಳಗಿಂದ ಮಾದೇವ ಕೇಳಿದ.

"ಎಂತದೂ ಇಲ್ಲ," ಎಂದ ದಮಯಂತಿ ಮುಂದಿನ ಪಾತ್ರೆಗೆ ಬೂದಿ ಹಾಕಿದಳು.