ರೊಟ್ಟಿ ಹಲಗೆಗೆ ಹಾಸಿದ ಕೌದಿ

"ಬಾಡಿಗೆದಾರ ಅಂದರೆ ಹೇಗಿರಬೇಕು ಅಂತ ಇಡೀ ಬೈಲಹೊಂಗಲಕ್ಕೇ ತೋರಿಸುತ್ತೇನೆ!"

ಹೊಸ ಮನೆಯ ಮೆಟ್ಟಿಲು ಹತ್ತುವಾಗಲೇ ನಾನು ಮಾಡಿದ ಘೋರ ಪ್ರತಿಜ್ಞೆಯಿದು. ಕೆಳಗೆ ಮಾಲೀಕರು, ಮೇಲೆ ನಾನು ಮತ್ತು ಹೆಂಡತಿ ರಾಜೇಶ್ವರಿ. ಮಾಲೀಕ ರಸೂಲಸಾಬರು ರಾತ್ರಿ ಪುಣೆ ಬಸ್ಸು ಓಡಿಸಿ, ನಸುಕಿನಲ್ಲಿ ಬಂದು, ಬಿಸಿಲೇರುವವರೆಗೆ ಮಲಗುವವರು. ಅವರದು ಒಂದೇ ಕರಾರು: ಮುಂಜಾನೆ ಸಪ್ಪಳ ಆಗಬಾರದು. ಹಿಂದಿನ ಬಾಡಿಗೆದಾರ ಜೋರಾಗಿ ಹಾಡು ಹಾಕಿದ್ದಕ್ಕೇ ಗಂಟುಮೂಟೆ ಕಟ್ಟಬೇಕಾಯಿತಂತೆ.

"ಇರಿವಿ ನಡದದ್ದರ ಕೇಳಿಸೀತು, ನಾವ್ ಇದ್ದದ್ದು ಕೇಳಸೂದಿಲ್ಲರೀ!" ಎಂದು ನಾನು ಅಲ್ಲೇ ಭಾಷಣ ಬಿಗಿದಿದ್ದೆ.

ರಾಜೇಶ್ವರಿಗಂತೂ ಆ ಮನೆಯೆಂದರೆ ಜೀವ. ಬಾಗಿಲಲ್ಲೇ ನೀರಿನ ನಳ, ಅಡುಗೆಮನೆಗೆ ಮೂಡಣ ಕಿಟಕಿ! "ಈ ಮನಿ ಏನರ ಬಿಡೂ ಹಂಗ ಮಾಡಿದ್ರಿ ಅಂದ್ರ, ನಾ ಕಟಕೋಳದಾಗ ನಮ್ಮವ್ವನ ಕಡೆ ಇರತೇನಿ. ನೀವು ಬಸ್‌ಸ್ಟ್ಯಾಂಡಿನ್ಯಾಗ ಇರ್ರಿ" ಎಂದು ಮೊದಲೇ ಎಚ್ಚರಿಸಿದ್ದಳು.

ನಾನು ಸವದತ್ತಿಯಲ್ಲಿ ಇತಿಹಾಸದ ಉಪನ್ಯಾಸಕ. ದಿನಾ ಹೊತ್ತು ಮೂಡುವ ಮೊದಲೇ ಬಸ್ಸು ಹಿಡಿಯುವವನು. ಬೇಸಿಗೆ ರಜೆ ಬಂದು ಮನೆಯಲ್ಲಿ ಕುಳಿತ ಮೇಲೆ, ಒಂದು ಸಂಜೆ ರಸೂಲಸಾಬರ ಹೆಂಡತಿ ಖತಿಜಾಬಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

"ಸರ್, ಸಪ್ಪಳದ ಬಗ್ಗೆ ಇವರು ನಿಮ್ಮ ಜೋಡಿ ಮಾತಾಡಬೇಕಂತರೀ. ನಾಳೆ ಎದ್ದ ಮ್ಯಾಲೆ ಬರತಾರ."

ನನ್ನ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಸಪ್ಪಳವೇ? ಮರುದಿನ ಮುಂಜಾನೆ ಕಿವಿಗೊಟ್ಟು ಕೂತೆ. ಅಡುಗೆಮನೆಯಿಂದ ಟಪ್ ಟಪ್ ಟಪ್! ರಾಜೇಶ್ವರಿ ಜೋಳದ ರೊಟ್ಟಿ ಬಡಿಯುತ್ತಿದ್ದಳು, ಸರಿಯಾಗಿ ರಸೂಲಸಾಬರ ನೆತ್ತಿಯ ಮೇಲೆ!

"ನಿಲ್ಲಸು! ಕೆಳಗ ಮನಷಾ ಮಲಗ್ಯಾನ!"

"ರೊಟ್ಟಿ ಬಡೀದನ ಏನ್ ಊದಿ ಉಬ್ಬಸಲೇನ್ರಿ?"

ನಾನು ಹೊದೆಯುವ ಕೌದಿ ತಂದು ನಾಲ್ಕು ಮಡಿಕೆ ಮಾಡಿ ಹಲಗೆಯ ಕೆಳಗೆ ಹಾಸಿದೆ. ಸಪ್ಪಳವೇನೋ ಸತ್ತಿತು. ಆದರೆ ಹಲಗೆ ತೊಟ್ಟಿಲಾಯಿತು, ರೊಟ್ಟಿ ಹರಿಯಿತು.

"ನೋಡ್ರಿ, ರಾಮದುರ್ಗ ತಾಲೂಕಿನ ನಕಾಶಾ! ತಿಂತೀರೋ, ಹುಡುಗರಿಗೆ ಪಾಠಾ ಮಾಡತೀರೋ?"

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಹಲಗೆ, ಹಿಟ್ಟು ಹೊತ್ತು ಮೇಲಿನ ಬಯಲು ಮಾಳಿಗೆ ಏರಿದೆ. "ಇಲ್ಲಿ ಬಡಿ, ಯಾರಿಗೂ ಕೇಳಸೂದಿಲ್ಲ!" ಎನ್ನುವಷ್ಟರಲ್ಲಿ ಸುಂಯ್ಯೆಂದು ಗಾಳಿ ಬೀಸಿತು. ಹಿಟ್ಟು ಎದ್ದದ್ದೇ, ಹಗ್ಗದ ಮೇಲೆ ಹಸಿಯಾಗಿ ತೂಗುತ್ತಿದ್ದ ರಸೂಲಸಾಬರ ಖಾಕಿ ಅಂಗಿಗೆ ಮೆತ್ತಿಕೊಂಡಿತು. ಕೈಯಿಂದ ಒರೆಸಿದೆ, ಅಂಗಿಯ ಮೇಲೆ ಕಣಕವೇ ಸಿದ್ಧವಾಯಿತು!

ಅಂಗಿ ಹಿಡಿದು ಹಿತ್ತಲಿಗೆ ಓಡಿದೆ. ಒಗೆಯುವ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿದೆ. ಧಪ್! ಧಪ್! ಧಪ್! ಆ ಕಲ್ಲು ರಸೂಲಸಾಬರ ಕಿಟಕಿಗೇ ಆತುಕೊಂಡಿದೆ ಎಂದು ಹೊಳೆದದ್ದು ಕಿಟಕಿ ತೆರೆದಾಗ.

"ಸರ್, ನನ್ನ ಅಂಗಿ ಏನ್ ತಪ್ಪ ಮಾಡೈತ್ರಿ?"

ಅಳುವುದೊಂದು ಬಾಕಿ. ಎಲ್ಲವನ್ನೂ ಒದರಿಬಿಟ್ಟೆ. "ರೊಟ್ಟಿ ಬಂದ್ ಮಾಡ್ತೇವ್ರಿ, ಚಪಾತಿ ತಿಂತೇವ್ರಿ. ಮನಿ ಮಾತ್ರ ಬಿಡಸಬ್ಯಾಡ್ರಿ!" ಹಿಂದೆಯೇ ಇಳಿದು ಬಂದ ರಾಜೇಶ್ವರಿ ಉಸಿರು ಬಿಗಿಹಿಡಿದು ನಿಂತಿದ್ದಳು.

ರಸೂಲಸಾಬರು ಹಣೆ ಬಡಿದುಕೊಂಡರು. "ಯಾ ಅಲ್ಲಾ! ರೊಟ್ಟಿ ಸಪ್ಪಳಕ್ಕ ಯಾರಿಗರ ಎಚ್ಚರ ಆಗತೈತೇನ್ರಿ? ನಮ್ಮವ್ವ ರೊಟ್ಟಿ ಬಡಿಯೂ ಮುಂದ ಒಲಿ ಬಾಜೂನ ಮಲಗಿ ಬೆಳದಾಂವ ನಾ. ಮ್ಯಾಲೆ ಈ ಅಕ್ಕಾರು ಬಡ್ಯಾಕ ಹತ್ತಿದ್ರ ನನಗ ನಿದ್ದಿ. ಇವತ್ತ ಅದು ಇಲ್ದನ ಬರೇ ಹೊಳ್ಯಾಡೇನಿ!"

ರಾಜೇಶ್ವರಿಯ ಮುಖ ಅರಳಿತು. ನನಗೂ ಹೋದ ಜೀವ ಬಂತು. "ಹಂಗಾರ ಯಾ ಸಪ್ಪಳದ ಬಗ್ಗೆ ಮಾತಾಡೂದಿತ್ರಿ?" ಎಂದೆ.

ಕಿಟಕಿಯಲ್ಲಿ ಅವರ ಹಿಂದೆ ನಿಂತಿದ್ದ ಖತಿಜಾಬಿ ನಗು ತಡೆಯಲು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ರಸೂಲಸಾಬರು ತಲೆ ಕೆರೆದುಕೊಂಡರು. "ಸಿಟ್ಟಾಗಬ್ಯಾಡ್ರಿ ಸರ್. ಸೂಟಿ ಬಿಟ್ಟಾಗಿಂದ ನೀವು ಮುಂಜಾನೆದ್ದು ಗ್ಯಾಲರಿಯೊಳಗ ಫೋನ್ ಹಿಡದು ಮಾತಾಡ್ತೀರಲ್ಲ, ಫೋನ್ ಇಲ್ದಿದ್ರೂ ಸವದತ್ತಿ ಮಂದಿಗೆ ಕೇಳಸತೈತ್ರಿ!"

ಈಗ ಮುಂಜಾನೆ ಮೇಲೆ ರೊಟ್ಟಿಯ ತಾಳ, ಕೆಳಗೆ ರಸೂಲಸಾಬರ ಗೊರಕೆ. ಮೊದಲ ಬಿಸಿ ರೊಟ್ಟಿ ಖತಿಜಾಬಿಗೆ ಹೋಗುತ್ತದೆ. ಮನೆಯಲ್ಲಿ ಎಲ್ಲರೂ ಸುಖಿಗಳು. ನಾನು ಫೋನು ಹಿಡಿದು ಊರಾಚೆಯ ಬಯಲಿಗೆ ಹೋಗಿ ಮಾತಾಡಿ ಬರುತ್ತೇನೆ. ನಿನ್ನೆ ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಪರಸಪ್ಪ ಹತ್ತಿರ ಬಂದು ಕೈಮುಗಿದ.

"ಸರ್, ಒಂದೀಟ ಆಕಡೆ ಹೋಗ್ರಿ. ಎಮ್ಮಿ ಬೆದರತಾವ!"