ತುಳಸಿರಾಮನ ರಜಿಸ್ಟರು

“ಬಿಲ್ಲು, ವಿಮಾ ಎಲ್ಲಾ ಇನ್ನ ಮ್ಯಾಲೆ ಹುಬ್ಬಳ್ಳಿ ಕಂಪನಿಯವರು ನೋಡ್ಕೊತಾರ,” ಎಂದು ಡಾಕ್ಟರ್ ರಾಜಶ್ರೀ ಕೈಗವಸು ಏರಿಸಿಕೊಳ್ಳುತ್ತಲೇ ಹೇಳಿಬಿಟ್ಟರು. ದಾಂಡೇಲಿಯ ಆ ಹಲ್ಲಿನ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತನಾಗಿದ್ದ ತುಳಸಿರಾಮ ಕುಡಿಯುತ್ತಿದ್ದ ಬೆಳಗಿನ ಚಹಾ ಕೆಳಗಿಟ್ಟ.

“ಮತ್ತ ನಾನ್ರಿ ಮೇಡಂ?”

“ಇವತ್ತೊಂದ ದಿನ ಪರೀಕ್ಷಾ ಅನ್ಕೋರಿ. ನಿಮ್ಮ ರಜಿಸ್ಟರಿಂದು ಇಪ್ಪತ್ತು ಕೇಸು ಕಳಿಸೇನಿ. ಸಂಜೀಕ ಬರೋಬ್ಬರಿ ಮಾಡಿ ಕೊಟ್ರ ಕೆಲಸ ಅವರದು. ಆಗಲಿಲ್ಲಂದ್ರ ನೀವ ಇರ್ರಿ. ನೀವು ವಿಮಾದವರಿಗೆ ಕಳಿಸಿದ್ದು ಅರ್ಧಕ್ಕರ್ಧ ವಾಪಸ್ ಬರ್ತಾವ, ನಾನರ ಏನ್ ಮಾಡ್ಲಿ?”

ವಾಪಸ್ ಬರದೆ ಏನಾದೀತು? ತುಳಸಿರಾಮ ರೋಗಿಗಳ ಹೆಸರು ಬರೆಯುವವನೇ ಅಲ್ಲ. ಫ್ಯಾಕ್ಟರಿ ಊರಿನಲ್ಲಿ ಒಂದೊಂದು ಹೆಸರಿಗೆ ಹತ್ತು ಮಂದಿ, ಹೆಸರಿನಿಂದ ಯಾರ ಗುರುತು ಸಿಕ್ಕೀತು ಎಂಬುದು ಅವನ ವಾದ. ಹಾಗಾಗಿ ರಜಿಸ್ಟರಿನ ತುಂಬ ‘ಕ್ರೇನ್ ನಡೆಸುವವನ ಎರಡನೇ ಅಳಿಯ’, ‘ಹಾಲಿನವರ ಜೋರು ಬಾಯಿಯಾಕಿ’, ‘ಹೋದ ಸಲ ಅತ್ತವನು’. ವಿಮೆಯವರಿಗೆ ಬೇಕಾದದ್ದು ಕಾರ್ಡಿನ ಮೇಲಿರುವ ಹೆಸರು. ಅದನ್ನು ಬರೆಯುವ ಹೊತ್ತಿಗೆ ಅರ್ಧ ಮಂದಿ ಯಾರೆಂಬುದು ಅವನಿಗೇ ಮರೆತಿರುತ್ತಿತ್ತು.

ಅವನು ನೆಟ್ಟಗೆ ಪಕ್ಕದ ಗೌಸನ ಬೈಕ್ ಗ್ಯಾರೇಜಿಗೆ ಹೋಗಿ ಗೋಳು ತೋಡಿಕೊಂಡ. ಗೌಸ ಬಿಚ್ಚಿದ ಚಕ್ರದ ಮುಂದೆ ಕೂತೇ ಉಪದೇಶ ಕೊಟ್ಟ.

“ಚಿಂತೀ ಬಿಡು ಅಣ್ಣಾ. ನಿನ್ನ ಬುಕ್ಕು ಓದೂದು ಹುಬ್ಬಳ್ಳ್ಯಾವರ ಕೈಲಿ ಆಗೂ ಮಾತಲ್ಲ. ಅವರು ಏನರ ಕೇಳಿದ್ರ ನೀ ಬಾಯಿ ಬಿಡಬ್ಯಾಡ. ಒಂದ ಮಾತೂ ಹೇಳಬ್ಯಾಡ. ಸಂಜೀಕ ತಾವ ಕೈ ಎತ್ತತಾರ.”

ಹತ್ತೂವರೆಗೆ ಫೋನು ಬಂತು.

“ನಮಸ್ಕಾರ್ರಿ, ನಾ ಕಾಜಲ್, ಹುಬ್ಬಳ್ಳಿ ಆಫೀಸಿಂದ. ‘ಹೋದ ಸಲ ಅತ್ತವನು’ ಅಂದ್ರ ಯಾರ್ರಿ?”

“ಅತ್ತಾಂವ್ರಿ.”

“ಅವರ ಹೆಸರು?”

“ಅಳೂಮುಂದ ಹೆಸರು ಹೆಂಗ ಕೇಳೂದ್ರಿ ಬಾಯಾರ?” ಎಂದು ಫೋನಿಟ್ಟುಬಿಟ್ಟ. ಮುಂದಿನ ಎರಡು ಸಲ ಎತ್ತಲೇ ಇಲ್ಲ.

ಕಾಜಲ್ ಬಿಡುವ ಪೈಕಿಯಲ್ಲ. ಡಾಕ್ಟರಿಗೇ ಫೋನು ಮಾಡಿದಳು. “ತುಳಸಿರಾಮ, ಬರ್ರಿಲ್ಲೆ, ಇವರಿಗೆ ಹೇಳ್ರಿ,” ಎಂದು ಒಳಗಿನಿಂದ ಕೂಗು ಬಂದದ್ದೇ, ತುಳಸಿರಾಮ ಹತ್ತಿಯ ಉಂಡೆಯೊಂದನ್ನು ದವಡೆಗೆ ತುರುಕಿಕೊಂಡು ಕೆನ್ನೆ ಹಿಡಿದು ನರಳತೊಡಗಿದ. ಹಲ್ಲುನೋವಿನವನು ಫೋನಿನಲ್ಲಿ ಹೇಗೆ ಮಾತಾಡಿಯಾನು! ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಅಂದುಕೊಂಡ.

ಪಾಳಿಯಲ್ಲಿ ಕೂತಿದ್ದ ನೀಲಕ್ಕ ಎದ್ದೇಬಿಟ್ಟಳು. “ಅಯ್ಯ ಪಾಪ! ಮಾರಿ ನೋಡ್ರಿ ಹೆಂಗ ಬಾತೈತಿ! ಡಾಕ್ಟ್ರ, ಮೊದಲ ಇವನ್ನ ನೋಡ್ರಿ, ನಾ ಆಮ್ಯಾಲೆ ತೋರಿಸ್ತೇನಿ,” ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದಳು.

ಡಾಕ್ಟರು ಹತ್ತಿ ತೆಗೆದು, ದೀಪ ಹಾಕಿ ಬಗ್ಗಿ ನೋಡಿದರು. “ಅಲ್ರೀ, ಎಷ್ಟ ದಿನದಿಂದ ತಡಕೊಂಡೀರಿ? ದಾಡಿ ಹಲ್ಲು ಪೂರ್ತಿ ಹುಳ ತಿಂದೈತಿ. ಇವತ್ತ ತಗೀಬೇಕು.”

ತುಳಸಿರಾಮ ಬೇಡವೆಂದು ತಲೆ ಅಲ್ಲಾಡಿಸಿದ. “ಅಂಜಬ್ಯಾಡೋ ತಮ್ಮಾ, ನಾ ಅದೇನಿ,” ಎಂದು ನೀಲಕ್ಕ ಆ ತಲೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಸೂಜಿ ಚುಚ್ಚಿದ್ದು ಗೊತ್ತಾಯಿತು, ಮಿಕ್ಕಿದ್ದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಒಂದು ಕಾಲಕ್ಕೆ ಅವನದಾಗಿದ್ದ ದಾಡೆ ತಟ್ಟೆಯಲ್ಲಿ ಬಿದ್ದಿತ್ತು.

ಹೋಗಲಿ ಬಿಡು, ಹಲ್ಲು ಹೋದರೂ ಖುರ್ಚಿ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಹೊರಗೆ ಬಂದು ಕೂತ. ಮಧ್ಯಾಹ್ನದ ಮೇಲೆ ಕಾಜಲ್‌ಳ ಫೋನು ಒಂದೂ ಬರಲಿಲ್ಲ. ಸೋತಳು ಹುಡುಗಿ! ನಾಲ್ಕು ಗಂಟೆಗೆ ಹೋಗಿ ಪೇಢೆ ಕೂಡ ತಂದಿಟ್ಟ. ಬಾಯಿ ತುಂಬ ಹತ್ತಿ ಇದ್ದುದರಿಂದ ಪೊಟ್ಟಣದ ವಾಸನೆ ನೋಡುವುದಷ್ಟೇ ಅವನ ಪಾಲಿಗೆ ಬಂತು.

ಐದಕ್ಕೆ ಡಾಕ್ಟರು ನಗುನಗುತ್ತ ಹೊರಗೆ ಬಂದರು. “ಇಪ್ಪತ್ತಕ್ಕ ಇಪ್ಪತ್ತೂ ಮುಗಿಸ್ಯಾರ ನೋಡ್ರಿ! ಒಂದೂ ತಪ್ಪಿಲ್ಲ.”

ಹೆಂಗ ಎಂದು ಕೇಳಲು ಹೋದ ತುಳಸಿರಾಮನ ಬಾಯಿಂದ ಜೊಲ್ಲು ಇಳಿಯಿತು. ಅಷ್ಟರಲ್ಲಿ ಗೌಸ ಕೈಯ ಗ್ರೀಸು ಒರೆಸಿಕೊಳ್ಳುತ್ತ ಒಳಗೆ ಬಂದ.

“ನನ್ನ ಮ್ಯಾಲೆ ಸಿಟ್ಟಾಗಬ್ಯಾಡ ಅಣ್ಣಾ. ಯಾರರ ಫೋನ್ ನಂಬರ್ ನೆನಪಿಲ್ಲ ಅಂದ್ರ ನೀ ಬುಕ್ಕಿನಾಗ ನನ್ನ ನಂಬರ ಬರೀತಿದ್ಯಂತ. ಇಪ್ಪತ್ತರಾಗ ಹದಿನೇಳು ನಂದ! ಆ ಹುಡುಗಿ ‘ಕಾಕಾ, ಹಾಲಿನವರ ಜೋರು ಬಾಯಿಯಾಕಿ ಯಾರ್ರಿ’ ಅಂತ ಕೇಳಿದ್ಲು. ಗೊತ್ತಿದ್ದದ್ದು ಹೊಟ್ಟ್ಯಾಗ ಇಟ್ಕೊಂಡು ಕುಂದರಾಕ ಆಗ್ತೈತೇನು? ಆಕಿ ಹೆಸರು ಹೇಳಿದೆ, ಗಂಡನ ಹೆಸರು ಹೇಳಿದೆ, ಅತ್ತೀ ಜೋಡಿ ಜಗಳ ಆಡಿದ್ದೂ ಹೇಳಿದೆ. ಆಮ್ಯಾಲೆ ಗಾಡಿ ತಗೊಂಡು ಮನಿಮನಿಗೆ ಹೋಗಿ ಕಾರ್ಡಿನ ಫೋಟೋ ಹೊಡದು ಕಳಿಸಿದೆ.”

“ಕಂಪನಿಯವರು ಇವರನ್ನ ಇಲ್ಲೀ ತಮ್ಮ ಮನಷ್ಯಾ ಅಂತ ಇಟ್ಕೊಂಡಾರ,” ಎಂದರು ಡಾಕ್ಟರು, ಕೊಂಚ ಸಂಕೋಚದಿಂದ. “ನಾಳಿಂದ ಇಲ್ಲೇ ಕುಂದರ್ತಾರ. ನಾ ಮಾತು ಕೊಟ್ಟಿದ್ದೆ, ತುಳಸಿರಾಮ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ತುಳಸಿರಾಮ ಕೂತಲ್ಲಿಂದಲೇ ಗೌಸನತ್ತ ಬೆರಳು ತೋರಿಸಿದ. ಬಾಯಿ ತುಂಬ ಬೈಯಬೇಕೆಂದರೆ ಬಾಯಿ ತುಂಬ ಇನ್ನೂ ಹತ್ತಿಯೇ ಇತ್ತು. ಗೌಸನ ಫೋನು ಹೊಡೆದುಕೊಂಡಿತು. ಅವನು ಒಂದು ಪೇಢೆ ಬಾಯಿಗೆ ಹಾಕಿಕೊಂಡು ಮಾತಿಗೆ ನಿಂತ.

“ಹೇಳು ಕಾಜಲ್. ಏನು, ಇವತ್ತಿಂದು ಇನ್ನೊಂದು ಕೇಸು ಬಂತಾ? ತುಳಸಿರಾಮಂದು, ದಾಡಿ ಹಲ್ಲು ಕಿತ್ತದ್ದು... ಹೌದವ್ವಾ, ದವಾಖಾನಿ ಕೆಲಸದಾವ್ರಿಗೆ ಪುಕ್ಕಟೆ, ಅದು ಖರೆ.” ಗೌಸ ಒಮ್ಮೆ ತುಳಸಿರಾಮನನ್ನೂ ಅವನು ಕೂತ ಖುರ್ಚಿಯನ್ನೂ ನೋಡಿದ. “ಆದ್ರ ಇಂವ ಈಗ ಕೆಲಸದಾಗಿಲ್ಲವ್ವಾ. ಬಿಲ್ ಹಚ್ಚು.”