ನಕ್ಷೆಯ ಮೇಲಿನ ಕೆಂಪು ಗೆರೆ

ಮುಂದಿನ ಇಪ್ಪತ್ತು ವರ್ಷ ಊರು ಹೇಗೆ ಬೆಳೆಯಬೇಕು ಎಂಬ ನಕ್ಷೆಯನ್ನು ಪುರಸಭೆಯವರು ಅಂದು ಬೆಳಿಗ್ಗೆ ತಮ್ಮ ಕಚೇರಿಯ ಹಜಾರದ ಗೋಡೆಗೆ ಅಂಟಿಸಿದರು. ಆಕ್ಷೇಪಣೆ, ಸಲಹೆ ಏನಿದ್ದರೂ ಅದೇ ಸಂಜೆ ಐದರೊಳಗೆ ಕೊಡಬೇಕು. ತಿಂಗಳ ಹಿಂದೆಯೇ ಅಂಟಿಸಬೇಕಾಗಿತ್ತು, ಆದರೆ ಅಂಟಿಗೆ ಮಂಜೂರಾತಿ ಸಿಕ್ಕಿರಲಿಲ್ಲ.

ಹಜಾರಕ್ಕೆಂದು ಹೊಲಿದ ಕೆಂಪು ಪರದೆಗಳನ್ನು ಹೆಗಲ ಮೇಲೆ ಹೊತ್ತು ತಂದ ಟೈಲರ್, ಅವನ್ನು ಒಪ್ಪಿಸಿ ಹೊರಟವನು ನಕ್ಷೆಯ ಮುಂದೆ ನಿಂತ. ಕನ್ನಡಕ ಹೊಲಿಗೆ ಯಂತ್ರದ ಮೇಲೇ ಉಳಿದಿತ್ತು. ಮೂಗನ್ನು ಕಾಗದಕ್ಕೆ ತಾಗಿಸಿ, ತೋಳು ಊರಿ, ತನ್ನ ಬೀದಿಯನ್ನು ಹುಡುಕಿದ. ಕೊನೆಗೂ ಸಿಕ್ಕಿತು. ಕ್ಷೌರದಂಗಡಿ, ಬೇಕರಿ, ನಡುವೆ ತನ್ನ ಅಂಗಡಿ. ತನ್ನ ಅಂಗಡಿಯ ಮೇಲೆ ನೇರವಾಗಿ ಒಂದು ಕೆಂಪು ಗೆರೆ. ಮೂಲೆಯಲ್ಲಿ ವಿವರವೂ ಇತ್ತು: ಕೆಂಪು ಗೆರೆ ಎಂದರೆ ಎಂಬತ್ತು ಅಡಿ ರಸ್ತೆ.

ಅಪ್ಪ ಮೊದಲ ಯಂತ್ರ ಹಾಕಿದ ಜಾಗ ಅದು. ಅದು ಬಿಟ್ಟರೆ ಅವನಿಗೆ ಬೇರೆ ಗತಿ ಇರಲಿಲ್ಲ.

ಸುದ್ದಿ ಅವನಿಗಿಂತ ಮೊದಲೇ ಬೀದಿ ಮುಟ್ಟಿತು. ಕ್ಷೌರಿಕ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೋಗಿ ನೋಡಿಬಂದ. "ಹೌದಣ್ಣ, ಕೆಂಪಗೆ ಎದ್ದು ಕಾಣ್ತಿದೆ. ನೇರ ನಿನ್ನ ನೆತ್ತಿ ಮೇಲೇ ಇದೆ" ಎಂದ. ದುಃಖದ ಮಾತೇ, ಆದರೆ ದನಿಯಲ್ಲಿ ಉತ್ಸಾಹವಿತ್ತು.

ಬೀದಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ನಿವೃತ್ತ ಗುಮಾಸ್ತರೂ ಹೋಗಿಬಂದರು. "ನಲವತ್ತು ವರ್ಷ ನಕ್ಷೆ ನೋಡಿದ ಕಣ್ಣು ಕಣಪ್ಪಾ ಇದು. ಎಂಬತ್ತು ಅಡಿ, ಸಂಶಯವೇ ಬೇಡ" ಎಂದರು.

"ಬೇಡ ಅಂತ ಬರೆದುಕೊಡಿ ಸ್ವಾಮಿ" ಎಂದ ಟೈಲರ್.

"ಬೇಡ ಅಂದ್ರೆ ಕೆಟ್ಟೆ. ಅಧಿಕಾರಿಗಳಿಗೆ ಆ ಪದ ಕಂಡರಾಗಲ್ಲ. ರಸ್ತೆ ನಮಗೆ ತುಂಬಾ ಬೇಕು, ಸ್ವಲ್ಪ ಆಚೆ ಸರಿಸಿ ಅಂತ ನಯವಾಗಿ ಬರೀಬೇಕು."

ಹಾಗೆಯೇ ಬರೆದರು. ಟೈಲರ್ ಸಹಿ ಹಾಕಿದ. ಅಷ್ಟಕ್ಕೇ ಮುಗಿಯಲಿಲ್ಲ. ಆಚೆ ಎಂದರೆ ಯಾವ ಆಚೆ ಎಂದು ಬೇಕರಿಯವನಿಗೆ ನಡುಕ ಹುಟ್ಟಿ, ರಸ್ತೆ ಎಡಕ್ಕೆ ಹೋಗಲಿ ಎಂದು ತಾನೊಂದು ಬರೆಸಿದ. ಎಡಗಡೆಯ ಕ್ಷೌರಿಕ ಸುಮ್ಮನಿರುತ್ತಾನೆಯೇ? ಬಲಕ್ಕೆ ಹೋಗಲಿ ಎಂದು ಬರೆಸಿದ. ಮೂರು ಗಂಟೆಯ ಹೊತ್ತಿಗೆ ಗುಮಾಸ್ತರ ಬೆರಳು ಬಾತುಕೊಂಡಿತ್ತು. ಎಲ್ಲ ಅರ್ಜಿಯ ಮೊದಲ ಸಾಲೂ ಒಂದೇ: ರಸ್ತೆ ನಮಗೆ ತುಂಬಾ ಬೇಕು.

ಐದಕ್ಕೆ ಹತ್ತು ನಿಮಿಷ ಇರುವಾಗ ಟೈಲರ್ ಬೀದಿಯನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಕಚೇರಿಗೆ ನುಗ್ಗಿದ. ಅರ್ಜಿಗಳ ಕಂತೆ ಕಂಡು ಯೋಜನಾಧಿಕಾರಿಗಳ ಕಣ್ಣು ತುಂಬಿಬಂತು.

"ಹಿಂದಿನ ನಕ್ಷೆಗೆ ಇಡೀ ಊರಿಂದ ಒಬ್ಬರೇ ಬಂದಿದ್ರು. ಅವರೂ ಗಡಿಯಾರ ರಿಪೇರಿಗೆ ಬಂದವರು. ಅದಕ್ಕೂ ಹಿಂದಿನದಕ್ಕೆ ಯಾರೂ ಇಲ್ಲ. ಈ ಕಚೇರಿಯ ಇತಿಹಾಸದಲ್ಲೇ ಇಂಥ ದಿನ ಬಂದಿಲ್ಲ" ಎಂದು ಒಂದೊಂದಕ್ಕೂ ಮೊಹರು ಒತ್ತಿ ಪುಸ್ತಕದಲ್ಲಿ ಬರೆದುಕೊಂಡರು. ಗಡಿಯಾರ ಐದು ಹೊಡೆಯಿತು. ಪುಸ್ತಕ ಮುಚ್ಚಿದರು.

"ಎಲ್ಲಿ, ಯಾವ ರಸ್ತೆ ತೋರಿಸಿ."

ಟೈಲರ್ ಬೆರಳಿಟ್ಟು ತೋರಿಸಿದ. ಅಧಿಕಾರಿಗಳು ಬಗ್ಗಿದರು, ಉಗುರಿನಿಂದ ಕೆರೆದರು. ಗೆರೆ ಒಂದು ತುದಿಯಿಂದ ಎದ್ದು ಅವರ ಬೆರಳಿಗೆ ಜೋತುಬಿತ್ತು. ಪರದೆಯ ದಾರ. ಕಾಗದದ ಮೇಲೆ ಬಳಿದುಕೊಂಡಿದ್ದ ಅಂಟಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಎಲ್ಲರೂ ಟೈಲರನ ತೋಳು ನೋಡಿದರು. ಅಲ್ಲಿ ಇನ್ನೂ ನಾಲ್ಕೈದು ಎಳೆ ಅಂಟಿಕೊಂಡಿದ್ದವು. ಗುಮಾಸ್ತರು ಕಿಟಕಿಯಾಚೆ ನೋಡತೊಡಗಿದರು.

ಟೈಲರನಿಗೆ ಹೋದ ಜೀವ ಬಂದಂತಾಯಿತು. ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿ ನಕ್ಕುಬಿಟ್ಟ. "ಹಾಗಾದ್ರೆ ರಸ್ತೆನೇ ಇಲ್ಲ ಸಾರ್. ಅರ್ಜಿ ವಾಪಸ್ ಕೊಡಿ, ಹೋಗ್ತೀವಿ."

"ವಾಪಸ್ ಹೇಗೆ ಕೊಡೋದು? ಪುಸ್ತಕ ಮುಚ್ಚಿ ಆಯ್ತಲ್ಲ" ಎಂದರು ಅಧಿಕಾರಿಗಳು. "ನಕ್ಷೆಯಲ್ಲಿ ರಸ್ತೆ ಇರಲಿಲ್ಲ ನಿಜ. ಆದ್ರೆ ಇಡೀ ಬೀದಿ ತುಂಬಾ ಬೇಕು ಅಂತ ಕೇಳಿದೆ. ಜನ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು, ಇಲ್ಲ ಅನ್ನೋಕೆ ಮನಸ್ಸು ಬರಲ್ಲ."

"ಎಲ್ಲಿ ಬರುತ್ತೆ ಸಾರ್?" ಎಂದು ಕೇಳಿದ ಟೈಲರ್.

ಅಧಿಕಾರಿಗಳು ಕಂತೆ ತಿರುವಿದರು. "ಎಡಗಡೆಯವರು ಬಲಕ್ಕೆ ಸರಿಸಿ ಅಂದಿದ್ದಾರೆ. ಬಲಗಡೆಯವರು ಎಡಕ್ಕೆ ಸರಿಸಿ ಅಂದಿದ್ದಾರೆ. ಇಬ್ಬರ ಮಾತೂ ನಡೀಬೇಕು ಅಂದ್ರೆ ಜಾಗ ಒಂದೇ."

ಕ್ಷೌರಿಕನೂ ಬೇಕರಿಯವನೂ ಒಟ್ಟಿಗೆ ಉಸಿರು ಬಿಟ್ಟರು.

ಅಧಿಕಾರಿಗಳು ಕೆಂಪು ಪೆನ್ಸಿಲ್ ತೆಗೆದರು, ಅಳತೆಪಟ್ಟಿ ಸಿಗಲಿಲ್ಲ. ಅದೇ ದಾರವನ್ನು ಅದು ಇದ್ದ ಜಾಗದಲ್ಲೇ ಮತ್ತೆ ಇಟ್ಟು, "ಈ ತುದಿ ಸ್ವಲ್ಪ ಹಿಡ್ಕೊಳ್ಳಿ" ಎಂದರು.

ಮೂವತ್ತು ವರ್ಷ ಹೊಲಿದ ಕೈ ಅದು. ಟೈಲರ್ ದಾರವನ್ನು ಒಂದು ಎಳೆಯೂ ಸೊಟ್ಟಗಾಗದಂತೆ ಬಿಗಿಯಾಗಿ ಎಳೆದು ಹಿಡಿದ.